ಪೂರ್ವ–ಪಶ್ಚಿಮ ಬೆರೆಸಿದ ಕಲಬುರಗಿಯ ಕುಂಚ

ಪ್ರಶ್ನೆ: ಚೀನಾದ ಚಿತ್ರಕಾರರು ತಮ್ಮ ಪರಂಪರೆಗೆ ಪಾಶ್ಚಾತ್ಯ ಶೈಲಿ ಬೆರೆಸುತ್ತಾರಂತೆ. ನಮ್ಮ ಭಾಗದಲ್ಲಿ ಅಂಥವರು ಇದ್ದರೇ? (ಓದುಗರೊಬ್ಬರು, ಘತ್ತರಗಿ)

ಉತ್ತರ: ಇದ್ದರು, ಅದೂ ನಿಮ್ಮ ಜಿಲ್ಲೆಯಲ್ಲೇ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ ಮುಂಬೈಯಲ್ಲಿ ಸಿನಿಮಾ ಪೋಸ್ಟರು ಬರೆದು ಹೆಸರಾದವರು. ಯುರೋಪಿನ ವಾಸ್ತವ ಶೈಲಿಯಲ್ಲಿ ಪಳಗಿದ ಆ ಕೈ ಪುರಾಣದತ್ತ ತಿರುಗಿದಾಗ ದೇವತೆಗಳ ಮೈಗೆ ಸ್ನಾಯು, ತೂಕ, ನೆರಳು–ಬೆಳಕು ಬಂದವು. ಕಥೆ, ಭಾವ, ಆಭರಣ ನಮ್ಮವೇ ಉಳಿದವು. ಕ್ಯಾಲೆಂಡರುಗಳ ಮೂಲಕ ಆ ಚಿತ್ರಗಳು ಮನೆಗಳ ಗೋಡೆ ಸೇರಿದವು. ಅದನ್ನು ಬರೀ ಕ್ಯಾಲೆಂಡರ್ ಕಲೆ ಎಂದು ಮೂಗು ಮುರಿಯುವುದು ದೊಡ್ಡ ಅನ್ಯಾಯ. ಚೀನಾದ ಷು ಬೇಹೋಂಗ್ ಕೂಡ ಪ್ಯಾರಿಸ್‌ನಲ್ಲಿ ಕಲಿತ ಅಂಗರಚನೆಯನ್ನು ತಮ್ಮ ಮಸಿಯ ಕುದುರೆಗಳಿಗೆ ತಂದರು. 1940ರಲ್ಲಿ ಶಾಂತಿನಿಕೇತನದಲ್ಲೂ ಇದ್ದರು. ಪಂಡಿತರು 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರದೇ ಹೆಸರಿದೆ.