ಮಾವಿನಕುರ್ವೆಯಲ್ಲಿ ಉಮ್ಮನ ಎರಡು ರಾತ್ರಿ

“ದುಡ್ಡು ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಮಲಗುದಾ? ನನಗೆ ಬೇಡ ಮೋನೇ.”

ರಜೆಯ ಮಾತೆತ್ತಿದಾಗ ಉಮ್ಮ ಹೇಳಿದ್ದು ಇಷ್ಟೇ. ಎಪ್ಪತ್ತು ದಾಟಿದ ಉಮ್ಮ ಮನೆಯ ಹೊರಗೆ ರಾತ್ರಿ ಕಳೆದದ್ದು ತವರಿನಲ್ಲಿ, ಆಸ್ಪತ್ರೆಯಲ್ಲಿ, ಮತ್ತೊಮ್ಮೆ ಉಮ್ರಾಕ್ಕೆ ಹೋದಾಗ. ಬಾಪ ಗಲ್ಫಿನಲ್ಲಿದ್ದ ಅಷ್ಟೂ ವರ್ಷ ಮನೆ ಕಾದವರು ಅವರು. ವಿಹಾರ ಅಂತ ಎಲ್ಲಿಗೂ ಹೋದವರಲ್ಲ. ನಮ್ಮಲ್ಲಿ ಇಂಥ ಉಮ್ಮಂದಿರು ಮನೆಗೊಬ್ಬರಾದರೂ ಇದ್ದಾರೆ.

ಮಕ್ಕಳಿಗೆ ಮಾಲ್ದೀವ್ಸಿನ ಆಸೆ. ನನ್ನ ಕಿಸೆಗೆ ದಕ್ಕಿದ್ದು ಹೊನ್ನಾವರ. ಅಲ್ಲಿ ಶರಾವತಿ ಸಮುದ್ರ ಸೇರುವ ಮುನ್ನ ತಬ್ಬಿಕೊಂಡಿರುವ ದ್ವೀಪ ಮಾವಿನಕುರ್ವೆ. ನಾವು ಕುದ್ರು ಅನ್ನುವುದಕ್ಕೆ ಅಲ್ಲಿಯವರು ಕುರ್ವೆ ಅನ್ನುತ್ತಾರೆ. (ಭಟ್ಕಳ ಬಂದರಿನ ಹತ್ತಿರವೂ ಒಂದು ಮಾವಿನಕುರ್ವೆ ಇದೆ. ಹೋಗುವವರು ಮೊದಲೇ ಕೇಳಿಕೊಳ್ಳಿ.)

ರೈಲಿನಲ್ಲಿ ಹೋಗಿ, ದೋಣಿ ಹತ್ತಿದೆವು. ಉಳಿದದ್ದು ಮೀನುಗಾರರ ಮನೆಯ ಹಿಂಬದಿಯಲ್ಲಿ ಕಟ್ಟಿಸಿದ ಎರಡು ಕೋಣೆಗಳಲ್ಲಿ. ಹಂಚಿನ ಮಾಡು, ಫ್ಯಾನು, ಸೊಳ್ಳೆಪರದೆ. ಎಸಿ ಇಲ್ಲ, ಈಜುಕೊಳ ಇಲ್ಲ. ಕರೆಂಟು ಹೋದರೆ ಬಂದಾಗ ಬಂತು. ನಲ್ಲಿಯ ನೀರು ತುಸು ಉಪ್ಪು. ಸೋಪು ಹಾಕಿದರೆ ನೊರೆಯೇ ಬರಲಿಲ್ಲ ಎಂದು ನನ್ನ ಮಗಳ ದೂರು.

ಮೊದಲ ಸಂಜೆ ಉಮ್ಮ ಚಾವಡಿ ಬಿಟ್ಟು ಕದಲಲಿಲ್ಲ. ಅಡುಗೆ ಯಾವುದು, ಎಣ್ಣೆ ಯಾವುದು ಎಂಬ ಅನುಮಾನ. ಮನೆಯಾಕೆ ಒಂದು ಬುಟ್ಟಿ ಬೆಳಚು ತಂದು ಅಂಗಳದಲ್ಲಿ ಸುರಿದದ್ದೇ ಉಮ್ಮ ಎದ್ದು ನಿಂತರು. “ಇದು ನಮ್ಮ ಮರುವಾಯಿ ಅಲ್ವಾ!” ನಾವು ಶಾಫಿಗಳು, ಮರುವಾಯಿ ಎಂದರೆ ಪ್ರಾಣ. ಐದೇ ನಿಮಿಷದಲ್ಲಿ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಚಿಪ್ಪು ಬಿಡಿಸುತ್ತಿದ್ದರು. ಉಮ್ಮನ ಕನ್ನಡ ಅರ್ಧ ತುಳು. ಆಕೆಯ ಕನ್ನಡ ನನಗೇ ಅರ್ಧ ತಿಳಿಯುವುದಿಲ್ಲ. ಅವರಿಬ್ಬರಿಗೆ ಮಾತ್ರ ಎಲ್ಲ ತಿಳಿಯಿತು. ಕಾಯಿ ಎಷ್ಟು ಹುರಿಯಬೇಕು ಎಂಬಲ್ಲಿ ಸಣ್ಣ ಜಗಳವೂ ಆಯಿತು.

ಆಕೆ ಹೇಳಿದ್ದನ್ನು ಉಮ್ಮ ರಾತ್ರಿ ನನಗೆ ಹೇಳಿದರು. ಬೇಸಗೆಯಲ್ಲಿ ಭರತ ಏರಿದರೆ ಬಾವಿಗೆ ಉಪ್ಪು. ಮಳೆಗಾಲದಲ್ಲಿ ಲಿಂಗನಮಕ್ಕಿಯ ಗೇಟು ತೆಗೆಯುತ್ತಾರೆಂಬ ಸುದ್ದಿ ಬಂದರೆ ಸಾಮಾನು ಎತ್ತರಕ್ಕೆ ಸಾಗಿಸಬೇಕು. 1964ರ ಅಣೆಕಟ್ಟು ಮೇಲಿನವರನ್ನು ಮುಳುಗಿಸಿದ್ದು ಎಲ್ಲರಿಗೂ ಗೊತ್ತು, ಕೆಳಗಿನವರ ನಿದ್ದೆಯ ವಿಷಯ ಯಾರೂ ಕೇಳುವುದಿಲ್ಲ. ಕೋಣೆ ಬಾಡಿಗೆಯ ದುಡ್ಡು ಬಂದರೆ ಮಗಳ ಕಾಲೇಜು ಫೀಸು. ನಾವು ಬಿಟ್ಟಿಯಾಗಿ ಸಿಗುತ್ತದೆಂದು ಚೌಕಾಸಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮರುದಿನ ಕಾಸರಕೋಡಿನ ಕಡಲ ತೀರ. ನಮ್ಮ ಪಡುಬಿದ್ರಿಯ ಜೊತೆಗೇ 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಬೀಚ್ ಅದು. ಮಕ್ಕಳು ನೀರಿಗಿಳಿದರು. ಮಗ್ರಿಬ್ ಹೊತ್ತಿಗೆ ಉಮ್ಮ ಮರಳಿನ ಮೇಲೆ ಮುಸಲ್ಲಾ ಹಾಸಿದರು. ಎದುರಿಗೆ ಗೋಡೆಯಿಲ್ಲ, ಬರೇ ಸಮುದ್ರ. ನಮಾಝ್ ಮುಗಿದ ಮೇಲೂ ತುಂಬಾ ಹೊತ್ತು ಏಳಲಿಲ್ಲ.

ಆ ರಾತ್ರಿ ಇಬ್ನ್ ಬತೂತರ ಕತೆ ಹೇಳಿದೆ. 1342ರ ಸುಮಾರಿಗೆ ಅವರು ಇದೇ ಹೊನ್ನಾವರದಲ್ಲಿದ್ದರು. ಸುಲ್ತಾನ ಜಮಾಲುದ್ದೀನ್ ಮುಹಮ್ಮದರ ಕಾಲ. ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಮದ್ರಸಗಳನ್ನು ಕಂಡು ಬರೆದಿಟ್ಟರು. ಇಲ್ಲಿಯ ಹೆಂಗಸರಿಗೆ ಕುರ್‌ಆನ್ ಕಂಠಪಾಠ ಎಂದೂ ಬರೆದರು. ಆಮೇಲೆ ಮಾಲ್ದೀವ್ಸಿಗೆ ಹೋಗಿ ಖಾಝಿಯಾದರು. ಅಲ್ಲೊಂದು ಪುಟ್ಟ ದ್ವೀಪದಲ್ಲಿ ಒಂದೇ ಮನೆ, ಒಬ್ಬ ನೇಕಾರ, ಅವನ ಹೆಂಡತಿ ಮಕ್ಕಳು, ಕೆಲವು ತೆಂಗು, ಒಂದು ದೋಣಿ. ಅದನ್ನು ನೋಡಿ, ಈ ದ್ವೀಪ ನನ್ನದಾಗಿದ್ದರೆ ಸಾಯುವವರೆಗೂ ಇಲ್ಲೇ ಇರುತ್ತಿದ್ದೆ ಎಂದು ಆಸೆಪಟ್ಟರಂತೆ.

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಆ ನೇಕಾರನ ಹೆಂಡತಿಗೆ ಅಲ್ಲಿರಲು ಖುಷಿ ಉಂಟಾ ಅಂತ ಕೇಳಿದ್ದರಾ?”

ನನ್ನ ಬಳಿ ಉತ್ತರವಿರಲಿಲ್ಲ.

ಹೊರಡುವಾಗ ಮನೆಯಾಕೆ ಒಣಮೀನಿನ ಕಟ್ಟು ಕೊಟ್ಟರು. ಉಮ್ಮ ತಮ್ಮ ಹೊಸ ಶಾಲನ್ನು ಆಕೆಯ ಮಗಳಿಗೆ ಹೊದಿಸಿದರು. ವಾಪಸಿನ ರೈಲು ಎರಡು ಕಿಲೋಮೀಟರಿಗೂ ಉದ್ದದ ಶರಾವತಿ ಸೇತುವೆ ದಾಟುವಾಗ ಉಮ್ಮ ಕಿಟಕಿಗೆ ಮುಖವಿಟ್ಟು ಕುರ್ವೆ ಹುಡುಕಿದರು. ಆಮೇಲೆ ನನ್ನ ಕಡೆ ತಿರುಗಿ, “ಮಳೆ ಬಿಟ್ಟ ಮೇಲೆ ಒಂದು ಫೋನ್ ಮಾಡು. ಅವರ ಬಾವಿ ನೀರು ಹೇಗುಂಟು ಅಂತ ಕೇಳು” ಎಂದರು.