ಟಂಟಂ ಬೆನ್ನೇರಿದ ಡ್ರ್ಯಾಗನ್!

ಬ್ರೂಸ್ ಲೀ ಹೆಸರು ಕೇಳಿದರೆ ಸಾಕು, ಸೀಟಿನಿಂದ ಎದ್ದು ಸೀಟಿ ಹೊಡೆಯುವ ಮಿತ್ರರೇ, ನಿಮಗೊಂದು ಪ್ರಶ್ನೆ. 1973ರ 'ಎಂಟರ್ ದಿ ಡ್ರ್ಯಾಗನ್' ಚಿತ್ರದ ಹೆಸರಿನಲ್ಲಿದೆಯಲ್ಲ, ಆ ಡ್ರ್ಯಾಗನ್ ದೇವರೋ, ದೆವ್ವವೋ? ಈ ಪ್ರಶ್ನೆಗೆ ಉತ್ತರ ಸಿಗದೆ ನಮ್ಮ ಶಿಗ್ಗಾಂವಿಯ ಪೇಂಟರ್ ಒಬ್ಬರ 1,200 ರೂಪಾಯಿ ಮುಳುಗುವುದರಲ್ಲಿತ್ತು!

ಇವರು ಒಂದು ಕಾಲಕ್ಕೆ ಟಾಕೀಸುಗಳಿಗೆ ಬ್ಯಾನರ್ ಬರೆದವರು. ಅಣ್ಣಾವ್ರ ಮೂಗು, ವಿಷ್ಣು ಕಣ್ಣು ಅವರ ಕುಂಚದ ತುದಿಯಲ್ಲೇ ಇದ್ದವು. ಫ್ಲೆಕ್ಸ್ ಬಂತು, ಕುಂಚ ಒಣಗಿತು. ಈಗ ನಂಬರ್ ಪ್ಲೇಟು, ಟಂಟಂ ಗಾಡಿಗಳೇ ಗತಿ. ಸವಣೂರಿನ ಹುಡುಗನೊಬ್ಬ ತನ್ನ ಟಂಟಂ ಹಿಂದೆ ಡ್ರ್ಯಾಗನ್ ಬರೆಸಿದ. ನಾಲ್ಕು ದಿನದ ಕೆಲಸ. ಬಾಯಿಂದ ಧಗಧಗ ಬೆಂಕಿ ಬೇರೆ! ಗಾಡಿ ಮನೆಗೆ ಬಂದದ್ದೇ ತಡ, ಸಾಲ ಮಾಡಿ ಅದನ್ನು ಕೊಡಿಸಿದ್ದ ಅಪ್ಪ ಹರಿಹಾಯ್ದರು.

"ಮನಿ ಮುಂದ ರಾಕ್ಷಸನ್ನ ತಂದು ನಿಲ್ಲಿಸೀಯೇನಲೇ? ಮೊದಲ ಅಳಿಸು. ಒಂದು ರೂಪಾಯಿ ಕೊಡೂದಿಲ್ಲ!"

"ನೀ ಪತ್ರಿಕೆಗೆ ಬರಿಯಾಂವ, ನೀನ ಹೋಗಿ ತಿಳಿಸಿ ಹೇಳಪಾ" ಎಂದು ಪೇಂಟರ್ ಕಾಕಾ ನನ್ನನ್ನು ಕಳಿಸಿದರು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಯಾರಾದರೂ ಹಾಗೆ ಅಂದರೆ ಕಾಲು ನಿಲ್ಲುವುದಿಲ್ಲ. ಹೊರಟೆ.

ಸವಣೂರಿಗೆ ಹೋದರೆ ಯಜಮಾನರು ಹಾನಗಲ್ಲಿಗೆ ಹೊರಟಿದ್ದಾರೆ, ಅದೂ ಅದೇ ಗಾಡಿಯಲ್ಲಿ! ನಾನೂ ಹತ್ತಿದೆ.

"ಅಪ್ಪಾರ, ಬೆಂಕಿ ಉಗುಳಿ ಊರು ಸುಡೂದು ಯುರೋಪಿನ ಕಥಿಯಾಗಿನ ಡ್ರ್ಯಾಗನ್. ಚೀನಾದ್ದು ಬ್ಯಾರೇನ ಐತ್ರಿ. ಅವರು ಅದಕ್ಕ 'ಲುಂಗ್' ಅಂತಾರ. ಜಿಂಕಿ ಕೊಂಬು, ಹಾವಿನ ಕುತ್ತಿಗಿ, ಮೀನಿನ ಹುರುಪಿ, ಹದ್ದಿನ ಉಗುರು. ಹೊಳಿ, ಸಮುದ್ರ, ಮೋಡ ಎಲ್ಲಾ ಅದರ ಕೈಯಾಗ. ಮಳಿ ಕೊಡೂದ ಅದರ ಕೆಲಸ."

ಚೀನಾದ ಚಕ್ರವರ್ತಿಯ ನಿಲುವಂಗಿಯ ಮೇಲೆ ಐದು ಉಗುರಿನ ಡ್ರ್ಯಾಗನ್ ಇರುತ್ತಿತ್ತು. ರಾಣಿಗೆ ಫೆಂಗ್‌ಹುವಾಂಗ್ ಎಂಬ ಹಕ್ಕಿ. ಒಳ್ಳೆಯ ಅರಸ ಬಂದಾಗ ಕಾಣಿಸಿಕೊಳ್ಳುವುದು ಚಿಲಿನ್ ಎಂಬ ಮೃಗ. ಹಳದಿ ನದಿಯಲ್ಲಿ ಪ್ರವಾಹಕ್ಕೆದುರು ಈಜಿ 'ಡ್ರ್ಯಾಗನ್ ಬಾಗಿಲು' ಹಾರಿದ ಮೀನು ತಾನೇ ಡ್ರ್ಯಾಗನ್ ಆಗುತ್ತದಂತೆ. ಪರೀಕ್ಷೆ ಪಾಸಾದವರನ್ನು ಅಲ್ಲಿ ಹಾಗೆ ಹೊಗಳುತ್ತಿದ್ದರು. (ಹಾರಲಾರದ ಮೀನು ನಾನು, ಇರಲಿ ಬಿಡಿ!) ಬ್ರೂಸ್ ಲೀ ಹುಟ್ಟಿದ 1940 ಡ್ರ್ಯಾಗನ್ ವರ್ಷ. ಹಾಂಗ್‌ಕಾಂಗ್ ಚಿತ್ರರಂಗದಲ್ಲಿ ಅವನ ಹೆಸರಿನ ಅರ್ಥವೇ 'ಪುಟ್ಟ ಡ್ರ್ಯಾಗನ್'. ಪಾಪ, ಆ ಚಿತ್ರ ತೆರೆ ಕಾಣುವ ಮೊದಲೇ, 1973ರ ಜುಲೈ 20ರಂದು, 32ನೇ ವಯಸ್ಸಿಗೆ ಕಣ್ಮುಚ್ಚಿದ.

ಯಜಮಾನರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಹಾನಗಲ್ಲಿನಲ್ಲಿ ತಾರಕೇಶ್ವರನ ಗುಡಿ. ಚಾಲುಕ್ಯರ ಕಾಲದ್ದು, ತಾವರೆಯಂಥ ಕಲ್ಲಿನ ಛತ್ತು. ಯಜಮಾನರು ಕೈಮುಗಿದು ಹೊರಬಂದಾಗ ನಾನು ಮೇಲೆ ತೋರಿಸಿದೆ. ಹೊರಚಾಚಿದ ಕಣ್ಣು, ತೆರೆದ ಬಾಯಿ...

"ಆ ಮುಖ ಯಾರದ್ರಿ, ಅಪ್ಪಾರ? ಕೀರ್ತಿಮುಖ. ಶಿವನ ಮಾತಿಗೆ ತನ್ನ ಮೈಯನ್ನ ತಾನ ತಿಂದು, ಮುಖ ಅಷ್ಟ ಉಳೀತು. ಶಿವ ಮೆಚ್ಚಿ 'ನನ್ನ ಬಾಗಿಲದಾಗ ಇರು' ಅಂದ. ಆನಿ ಸೊಂಡಿ, ಮೊಸಳಿ ಬಾಯಿ ಇರೂ ಮಕರ ವರುಣದೇವನ ವಾಹನ. ಹಿರೇಕೆರೂರು ದಾಟಿ ಹೋದ್ರ ಬಳ್ಳಿಗಾವಿ. ಅಲ್ಲಿ 1047ರಾಗ ನಿಲ್ಲಿಸಿದ ಕಂಬದ ಮ್ಯಾಲ ಎರಡು ತಲಿ ಗಂಡಭೇರುಂಡ ಐತಿ. ಇವತ್ತು ಅದು ಕರ್ನಾಟಕ ಸರಕಾರದ ಲಾಂಛನ. ಇವನ್ನೆಲ್ಲಾ ರಾಕ್ಷಸ ಅಂತೀವೇನ್ರಿ?"

ಗೋವಿನಜೋಳ ಬಿತ್ತಿ ಆಕಾಶ ನೋಡುತ್ತಾ ಕೂತಿದ್ದ ದಿನಗಳವು. ಯಜಮಾನರು ಗಾಡಿಯ ಹಿಂದೆ ಹೋಗಿ ಬಹಳ ಹೊತ್ತು ನಿಂತರು. ಆಮೇಲೆ ಒಂದೇ ಮಾತು ಕೇಳಿದರು:

"ಮಳಿ ತರೂದು ಅಂದ್ಯಲ್ಲ ತಮ್ಮಾ, ಮತ್ತ ಬಾಯಾಗ ಬೆಂಕಿ ಯಾಕ?"

ನನ್ನ ಬಾಯಿ ಬಂದ್! ಕಾಕಾ ಇಂಗ್ಲಿಷ್ ಸಿನಿಮಾದ ಬೆಂಕಿಯನ್ನು ಚೀನಾದ ಬಾಯಿಗೆ ಹಚ್ಚಿದ್ದರು. ಒಪ್ಪಿಕೊಂಡೆ.

"ಬೆಂಕಿ ಅಳಿಸಿ ಮೋಡ ಬರಿ ಅನ್ನು. ರೊಕ್ಕ ಕೊಡ್ತೀನಿ."

ಕಾಕಾ ಎರಡೇ ದಿನದಲ್ಲಿ ಬೆಂಕಿ ಅಳಿಸಿ ಕರಿಮೋಡ ಬರೆದರು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಈಗ ಹಿರೇಕೆರೂರು ರಸ್ತೆಯಲ್ಲಿ ಮೋಡದ ನಡುವೆ ಈಜುವ ಡ್ರ್ಯಾಗನ್ ಕಂಡರೆ, ಅದೇ ಗಾಡಿ, ಕೈ ಮಾಡಿ.

ಮಳೆ ಬಂತೇ ಎಂದು ಮಾತ್ರ ಕೇಳಬೇಡಿ. ಕಾಕಾನ 1,200 ರೂಪಾಯಿ ಬಂತು.