ಟವರ್‌ಗಿಂತ ಮುಂಚೆ ತೋಟಕ್ಕೆ ಲಾರಿ ಬರುತ್ತೆ: ದಾರಿ ಯಾವುದು ಅಂತ ಮೊದಲೇ ಬರೆಸಿಕೊಳ್ಳಿ

ತಿಪಟೂರು: ಹೈಟೆನ್ಷನ್ ಲೈನ್ ಬರುತ್ತೆ ಅಂದ ಕೂಡಲೇ ತೆಂಗು ಬೆಳೆಗಾರರು ಕೇಳೋದು ಎರಡೇ. ಟವರ್ ಎಲ್ಲಿ ನಿಲ್ಲುತ್ತೆ, ಎಷ್ಟು ಮರ ಹೋಗುತ್ತೆ? ಕಬ್ಬಿಣ, ಜಲ್ಲಿ, ಸಿಮೆಂಟು, ತಂತಿ ಸುತ್ತಿದ ದೊಡ್ಡ ಡ್ರಮ್ಮು ಯಾವ ದಾರಿಯಲ್ಲಿ ಒಳಗೆ ಬರುತ್ತೆ ಅಂತ ಕೇಳೋರು ಕಡಿಮೆ. ಆಮೇಲೆ ಜಗಳ ಆಗೋದು ಹೆಚ್ಚಾಗಿ ಅಲ್ಲೇ.

ಪಾವಗಡ ಸೋಲಾರ್ ಪಾರ್ಕ್‌ನ ಕರೆಂಟ್ ಹೊರಗೆ ಹೋಗೋಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಲೈನ್‌ಗಳು ಬೇಕಾದವು. ಬಿಸಿಲು, ಗಾಳಿಯ ವಿದ್ಯುತ್ ಹೆಚ್ಚಿದಷ್ಟೂ ಇಂಥ ಲೈನ್ ಹೆಚ್ಚುತ್ತವೆ.

ಲೈನ್ ಹೋದರೂ ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತೆ. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಮೂಲಕ ಕಂಪನಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಸಿಗುತ್ತೆ. ಅದರ 10ನೇ ಸೆಕ್ಷನ್ ಕೊಡೋದು ಜಮೀನು ಬಳಸೋ ಹಕ್ಕು ಮಾತ್ರ. ಸಾಧ್ಯವಾದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆಲ್ಲ ಪೂರ್ತಿ ಪರಿಹಾರ ಕೊಡಬೇಕು ಅಂತಲೂ ಅದೇ ಹೇಳುತ್ತೆ. ರೈತರು ಅಡ್ಡಿ ಮಾಡಿದರೆ ಜಿಲ್ಲಾಧಿಕಾರಿ ಅನುಮತಿ ಕೊಡಬಹುದು. ಪರಿಹಾರ ಸಾಲದು ಅನ್ನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು.

ಕೇಂದ್ರ ಇಂಧನ ಸಚಿವಾಲಯದ 2024ರ ಜೂನ್ ಮಾರ್ಗಸೂಚಿ ಪ್ರಕಾರ ಟವರ್ ಜಾಗಕ್ಕೆ ಭೂಮಿ ಬೆಲೆಯ ಶೇ 200, ತಂತಿ ಕೆಳಗಿನ ಪಟ್ಟಿಗೆ ಶೇ 30. ಜಾರಿ ಮಾಡೋದು ರಾಜ್ಯಗಳಿಗೆ ಬಿಟ್ಟದ್ದು. 400 ಕೆ.ವಿ. ಲೈನ್‌ಗೆ ಪಟ್ಟಿ ಸುಮಾರು 46 ಮೀಟರ್, ಅಂದರೆ 150 ಅಡಿ. 30 ಅಡಿಗೊಂದರಂತೆ ಮರ ಇರೋ ತೋಟದಲ್ಲಿ ಅದು ಐದು ಸಾಲು. ನೂರು ಮೀಟರ್ ಉದ್ದ ಹಾದರೂ ಒಂದು ಎಕರೆ ಐದು ಗುಂಟೆ, ಐವತ್ತಕ್ಕೂ ಹೆಚ್ಚು ಮರ. ನಾಟಿ ತೆಂಗು ಫಲಕ್ಕೆ ಬರೋಕೇ ಆರೇಳು ವರ್ಷ ಬೇಕು. ಕಾಯಿ ಅಟ್ಟದ ಮೇಲೆ ಉಂಡೆ ಕೊಬ್ಬರಿ ಆಗೋಕೆ ಮತ್ತೆ ಹತ್ತು ಹನ್ನೊಂದು ತಿಂಗಳು.

ಆದರೆ ಆ ಎರಡು ದರವೂ ಟವರ್ ಜಾಗ ಮತ್ತು ಪಟ್ಟಿಗೆ. ಪಟ್ಟಿಯಾಚೆ ಲಾರಿ ಓಡಾಡಿದ ದಾರಿಗೆ ಆಸರೆ 10ನೇ ಸೆಕ್ಷನ್ನೇ. ಹಾನಿ ಆಗಿದೆ ಅಂತ ತೋರಿಸೋಕೆ ಮುಂಚೆ ಹೇಗಿತ್ತು ಅನ್ನೋ ದಾಖಲೆ ಬೇಕು.

ತೆಂಗಿನ ಬೇರು ಹೆಚ್ಚು ಇರೋದು ಬುಡದಿಂದ ಸುಮಾರು ಆರು ಅಡಿ ಒಳಗೆ. ಎರಡು ಸಾಲಿನ ನಡುವಿನ 30 ಅಡಿಯಲ್ಲಿ ಆಚೆ ಈಚೆ ಆರಾರು ಅಡಿ ಬಿಟ್ಟರೆ 18 ಅಡಿ ಉಳಿಯುತ್ತೆ. ಟ್ರ್ಯಾಕ್ಟರ್‌ಗೆ ಧಾರಾಳ ಸಾಕು. ಡ್ರೈವರ್ ಹತ್ತಿರದ ದಾರಿ ಅಂತ ಅಡ್ಡ ಹೊಡೆದರೆ ಪಾತಿ, ಬದು, ಡ್ರಿಪ್ ಪೈಪ್ ಎಲ್ಲ ಹೋಯ್ತು. ಮಳೆ ಬಿದ್ದ ಮಣ್ಣಿನ ಮೇಲೆ ಓಡಾಡಿದರಂತೂ ನೆಲ ಗಟ್ಟಿಯಾಗಿ ನೀರು ಇಂಗಲ್ಲ.

ಬ್ರಿಟನ್‌ನಲ್ಲಿ ಸಮುದ್ರದ ಗಾಳಿಯಂತ್ರದ ಕರೆಂಟನ್ನು ನೆಲದಡಿ ಕೇಬಲ್‌ನಲ್ಲಿ ತರ್ತಾರೆ. ಹಾರ್ನ್‌ಸೀ ತ್ರೀ ಯೋಜನೆಯ ಕೇಬಲ್ ನಾರ್ಫೋಕ್‌ನ ಹೊಲಗಳ ಅಡಿ 50 ಕಿ.ಮೀ.ಗೂ ಹೆಚ್ಚು ಹೋಗುತ್ತೆ. ಅಲ್ಲಿ ಲಾರಿ ಯಾವ ರಸ್ತೆಯಿಂದ ತಿರುಗಬೇಕು, ಹೊಲಕ್ಕೆ ಎಲ್ಲಿ ಇಳಿಯಬೇಕು, ಮೇಲ್ಮಣ್ಣು ಎಲ್ಲಿ ಬೇರೆ ಇಡಬೇಕು ಅನ್ನೋದೆಲ್ಲ ಕೆಲಸಕ್ಕೆ ಮುಂಚೆ ಬರೆದು ಸ್ಥಳೀಯ ಆಡಳಿತದಿಂದ ಒಪ್ಪಿಗೆ ಪಡೀಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಸಿಗೋದು ಮಹಜರು.

ಅದಕ್ಕೇ ಮಹಜರಿನಲ್ಲಿ ಮರದ ಲೆಕ್ಕ ಬರೆಸಿ ಸುಮ್ಮನಾಗಬೇಡಿ. ಒಳಗೆ ಬರೋ ಜಾಗ, ಯಾವ ಸಾಲಿನ ನಡುವೆ ಓಡಾಟ, ಎಷ್ಟು ಅಗಲ, ತೆಗೆದ ಬೇಲಿ ಮತ್ತೆ ಕಟ್ಟೋರು ಯಾರು, ಬೋರ್‌ವೆಲ್ ಪೈಪ್ ಎಲ್ಲಿದೆ, ಎಲ್ಲ ಬರೆಸಿ. ಮೊದಲ ಲಾರಿ ಬರೋ ಮುಂಚೆ ಮೊಬೈಲ್‌ನಲ್ಲಿ ಫೋಟೊ, ವಿಡಿಯೊ ತೆಗೆದಿಡಿ. ನಕಾಶೆಯಲ್ಲಿ ಬಂಡಿ ದಾರಿ ಇದ್ದರೆ ಅದನ್ನೇ ಬಳಸಿ ಅನ್ನಿ. ದಾರಿ ಕೊಡೋ ಪಕ್ಕದ ತೋಟದವರಿಗೆ ಟವರೂ ಇಲ್ಲ, ಪಟ್ಟಿಯೂ ಇಲ್ಲ. ಅವರ ಹೆಸರೂ ಮಹಜರಿನಲ್ಲಿ ಇರಲೇಬೇಕು.

ಅಂಗಡಿಯವರಿಗೂ ಇದರಲ್ಲಿ ಕೆಲಸ ಇದೆ. ಭಾರದ ಲಾರಿ ಊರೊಳಗಿನ ರಸ್ತೆಯಲ್ಲಿ ಸಂತೆ ದಿನ ಬರಬಾರದು, ಕಿತ್ತ ರಸ್ತೆ ಕಂಪನಿಯೇ ಸರಿಮಾಡಬೇಕು ಅಂತ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಕೆಲಸ ಶುರುವಾದ ಮೇಲೆ ಕೊಟ್ಟರೆ ಕೇಳೋಕೆ ಸೈಟ್‌ನಲ್ಲಿ ಸಿಗೋದು ಡ್ರೈವರ್ ಮಾತ್ರ.